ಮಿಷನ್ ನಿಂತ ಮೇಲೂ ಕಿವಿಯಲ್ಲಿ ಗುಂಯ್ ಎನ್ನುತ್ತಿದೆಯೇ?

ಬಳ್ಳಾರಿ ಎಂದರೆ ಈಗ ಗಣಿಯ ಜೊತೆಗೆ ಜೀನ್ಸ್ ಕೂಡ ನೆನಪಾಗುತ್ತದೆ. ಕೌಲ್ ಬಜಾರ್‌ನ ಗಲ್ಲಿಗಳಲ್ಲಿ ಅನೇಕ ಮುಸ್ಲಿಮ್ ಕುಟುಂಬಗಳ ಅನ್ನ ಇರುವುದೇ ಹೊಲಿಗೆ ಮಿಷನ್ ಮೇಲೆ. ಒಂದು ಮಿಷನ್ನಿನ ಸದ್ದು ದೊಡ್ಡದೇನಲ್ಲ. ಆದರೆ ಶೀಟ್ ಹೊದಿಸಿದ ಸಣ್ಣ ಕೋಣೆಯಲ್ಲಿ ಹತ್ತಾರು ಮಿಷನ್ ಒಟ್ಟಿಗೆ ಓಡಿ, ಅದರ ಮೇಲೆ ಹಾಡು ಕೇಳಲು ಇಯರ್‌ಫೋನ್ ಜೋರು ಮಾಡಿದರೆ ಕಥೆ ಬೇರೆ.

ನಮ್ಮ ಕರಾವಳಿಯವರಿಗೂ ಇದು ಹೊಸದಲ್ಲ. ಬೋಟಿನ ಎಂಜಿನ್ ಬಳಿ ನಿಲ್ಲುವವರು, ಮರದ ಮಿಲ್ಲಿನಲ್ಲಿ ದುಡಿಯುವವರು ನಮ್ಮ ಮನೆಗಳಲ್ಲೂ ಇದ್ದಾರಲ್ಲ?

ಒಳಗಿವಿಯಲ್ಲಿ ಸದ್ದನ್ನು ಹಿಡಿಯುವ ಕೂದಲಿನಂಥ ಸೂಕ್ಷ್ಮ ಜೀವಕೋಶಗಳಿವೆ. ಒಮ್ಮೆ ಸತ್ತರೆ ಅವು ಮತ್ತೆ ಹುಟ್ಟುವುದಿಲ್ಲ. ನೋವಿಲ್ಲ, ರಕ್ತವಿಲ್ಲ. ಹಾಗಾಗಿ ಗೊತ್ತೇ ಆಗುವುದಿಲ್ಲ. ಮೊದಲು ಹೋಗುವುದು ತೆಳು ಸ್ವರಗಳು: ಮಕ್ಕಳ ಮಾತು, 'ಸ', 'ಶ' ಅಕ್ಷರಗಳು. "ಕೇಳ್ತದೆ, ಆದ್ರೆ ಏನು ಹೇಳಿದ್ದು ಅಂತ ಗೊತ್ತಾಗುವುದಿಲ್ಲ" ಎನ್ನುವುದು ಇದರ ಗುರುತು. ಮಗು "ಅಬ್ಬಾ" ಎಂದು ಮೂರು ಸಲ ಕರೆದ ಮೇಲೆ ತಿರುಗುವುದು, ಟಿವಿ ಸದ್ದು ಏರುತ್ತಲೇ ಹೋಗುವುದು ಕೂಡ ಅದೇ.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ ಹೀಗಿದೆ: 80 ಡೆಸಿಬಲ್ ಸದ್ದನ್ನು ವಾರಕ್ಕೆ 40 ಗಂಟೆ ತಡೆದುಕೊಳ್ಳಬಹುದು. 90 ಡೆಸಿಬಲ್ ಆದರೆ ಬರೀ 4 ಗಂಟೆ. ಅಳೆಯುವ ಯಂತ್ರ ಇಲ್ಲವೇ? ಒಂದು ಕೈಯಳತೆ ದೂರದಲ್ಲಿ ಇರುವವರೊಡನೆ ಕೂಗಿ ಮಾತಾಡಬೇಕಾದರೆ ಅಲ್ಲಿನ ಸದ್ದು ಕಿವಿಗೆ ಹೆಚ್ಚಾಯಿತೆಂದೇ ತಿಳಿಯಿರಿ.

ಹತ್ತಿ ತುರುಕಿದರೆ ಸಾಕಾಗುವುದಿಲ್ಲ. ಸ್ಪಂಜಿನ ಇಯರ್ ಪ್ಲಗ್‌ಗೆ ಖರ್ಚು ಹೆಚ್ಚಿಲ್ಲ. ಅದನ್ನು ಬೆರಳಲ್ಲಿ ಸಣ್ಣಗೆ ಹೊಸೆದು, ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೆ ಎಳೆದು ಒಳಗಿಟ್ಟು, ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಮಿಷನ್ ಕೆಳಗೆ ರಬ್ಬರ್ ಹಾಸಿ, ಆಗಾಗ ಎಣ್ಣೆ ಬಿಡಿ. ಜನರೇಟರನ್ನು ಕೋಣೆಯಿಂದ ಹೊರಗಿಡಿ. ನಡುನಡುವೆ ಎದ್ದು ಹೊರಗೆ ಬನ್ನಿ. ಮೊಬೈಲ್ ಸದ್ದು 60 ಶೇಕಡ ದಾಟದಿರಲಿ.

ಮನೆಯಲ್ಲಿ ಉಮ್ಮಂದಿರು ನೆನಪಿಡಬೇಕಾದದ್ದೂ ಇದೆ. ಗುಗ್ಗೆ ತನ್ನಷ್ಟಕ್ಕೆ ಹೊರಗೆ ಬರುತ್ತದೆ. ಪಿನ್ನು, ಬೆಂಕಿಕಡ್ಡಿ, ಬಡ್ಸ್ ಹಾಕಿದರೆ ಅದು ಇನ್ನೂ ಒಳಕ್ಕೆ ಹೋಗುತ್ತದೆ, ತಮಟೆಯೂ ಹರಿದೀತು. ಸೋರುವ ಕಿವಿಗೆ ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಬಿಡಬೇಡಿ, ನೀರು ಹೋಗದಂತೆ ನೋಡಿಕೊಳ್ಳಿ, ಡಾಕ್ಟರಿಗೆ ತೋರಿಸಿ. ಮಗುವನ್ನು ಪೂರ್ತಿ ಮಲಗಿಸಿ ಬಾಟಲಿ ಹಾಲು ಕೊಡಬೇಡಿ. ಸದ್ದಿಗೆ ಬೆಚ್ಚದ, ಮಾತು ತಡವಾದ ಮಗುವಿಗೆ "ಅವನ ಬಾಪನೂ ತಡವಾಗಿಯೇ ಮಾತಾಡಿದ್ದು" ಎಂದು ಕಾಯಬೇಡಿ.

ಒಂದು ಕಿವಿ ಇದ್ದಕ್ಕಿದ್ದಂತೆ ಮಂದವಾದರೆ ಮೂರು ದಿನದೊಳಗೆ, ಸಾಧ್ಯವಾದರೆ ಅದೇ ದಿನ ವೈದ್ಯರನ್ನು ಕಾಣಿ. ತಡ ಮಾಡಿದಷ್ಟೂ ಮರಳಿ ಬರುವ ಸಾಧ್ಯತೆ ಕಡಿಮೆ.

ಬಳ್ಳಾರಿಯವರಿಗೆ ಜನ ಈಗಲೂ ವಿಮ್ಸ್ ಎಂದೇ ಕರೆಯುವ ಸರಕಾರಿ ಆಸ್ಪತ್ರೆ, ಮಂಗಳೂರಿನವರಿಗೆ ವೆನ್ಲಾಕ್ ಇದೆ. ಇನ್ನೂ ಹೆಚ್ಚಿನ ತಪಾಸಣೆ ಬೇಕಾದರೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಸದ್ದಿನಲ್ಲಿ ದುಡಿಯುವವರು ವರ್ಷಕ್ಕೊಮ್ಮೆ ಆಡಿಯೋಮೆಟ್ರಿ ಮಾಡಿಸುವುದು ಒಳ್ಳೆಯದು. ನೋವಿಲ್ಲದ ಪರೀಕ್ಷೆ ಅದು. ಸದ್ದು ಕೇಳಿದಾಗ ಗುಂಡಿ ಒತ್ತಿದರೆ ಆಯಿತು.

ಹೊಲಿಗೆ ಕಣ್ಣಿನ ಕೆಲಸ ಎಂದು ಕನ್ನಡಕ ಹಾಕಿಸಿಕೊಳ್ಳುತ್ತೇವೆ. ಅದೇ ಕೆಲಸ ಕಿವಿಯನ್ನೂ ಸವೆಸುತ್ತದೆ. ಕನ್ನಡಕದ ಪಕ್ಕದಲ್ಲಿ ಒಂದು ಜೊತೆ ಪ್ಲಗ್ಗೂ ಇರಲಿ.