ಹ್ಯಾಪಿ ನ್ಯೂ ಇಯರ್ಸ್ - ವರ್ಷವಲ್ಲ, ಕಿವಿ!

ಫ್ರಾಂಕ್‌ಫರ್ಟ್ ಅಂದ ಕೂಡಲೇ ನಮ್ಮವರಿಗೆ ನೆನಪಾಗುವುದೇನು? ಬೆಂಗಳೂರಿಗೆ ಹೊರಟಾಗ ಸಿಗುವ ವಿಮಾನ ನಿಲ್ದಾಣ, ಮುಗಿಲು ಮುಟ್ಟುವ ಬ್ಯಾಂಕುಗಳು, ಅಕ್ಟೋಬರಿನ ಪುಸ್ತಕ ಮೇಳ. ಇದೇ ಊರಿನಲ್ಲಿ 1985ರಿಂದ ನೆಲೆಸಿರುವ ಒಂದು ಪುಟ್ಟ ವಾದ್ಯವೃಂದದ ಬಗ್ಗೆ ನಮ್ಮ ಬಳಗದಲ್ಲಿ ಯಾರೂ ಮಾತಾಡಿದ್ದನ್ನು ನಾನು ಕೇಳಿಲ್ಲ. ಅದರ ಹೆಸರು ಆನ್ಸಾಂಬಲ್ ಮೋಡರ್ನ್. ಒಮ್ಮೆ ಕನ್ನಡದ ಗೆಳೆಯನೊಬ್ಬನನ್ನು ಇವರ ಕಛೇರಿಗೆ ಕರೆದುಕೊಂಡು ಹೋಗಿದ್ದೆ. ಮಧ್ಯಂತರದಲ್ಲಿ ಕಾಫಿ ಹೀರುತ್ತಾ ಕೇಳಿದ: "ಅಲ್ಲ ಮಾರಾಯ, ಇವರು ನುಡಿಸಿದ್ದು ಸಂಗೀತವೋ, ಅಥವಾ ಇನ್ನೂ ಶ್ರುತಿ ಮಾಡ್ಕೊಳ್ತಾ ಇದ್ದಾರೋ?"

ಪ್ರಶ್ನೆ ನ್ಯಾಯವಾದದ್ದೇ! ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಅಂದರೆ ನಮಗೆ ಗೊತ್ತಿರುವುದು ಮೊಜಾರ್ಟ್, ಬೀಥೋವನ್. ಅವರೆಲ್ಲ ತೀರಿಕೊಂಡು ಸುಮಾರು ಇನ್ನೂರು ವರ್ಷವಾಯಿತು. ಆನ್ಸಾಂಬಲ್ ಮೋಡರ್ನ್ ನುಡಿಸುವುದು 20 ಮತ್ತು 21ನೇ ಶತಮಾನದ ಸಂಗೀತವನ್ನು. ಎಷ್ಟೋ ಸಲ ಕೃತಿ ಬರೆದವರೇ ಸಭಾಂಗಣದಲ್ಲಿ ಕೂತಿರುತ್ತಾರೆ. ಜರ್ಮನಿಯ ಯುವ ವಾದಕರ ಯುಂಗೆ ಡಾಯ್ಚೆ ಫಿಲ್ಹಾರ್ಮನಿಯ ಕೆಲವು ಸದಸ್ಯರು ಸೇರಿ 1980ರಲ್ಲಿ ಕಟ್ಟಿದ ತಂಡ ಇದು. ಬೇರೆ ಬೇರೆ ದೇಶಗಳ ಸುಮಾರು 20 ಜನ ಇದ್ದಾರೆ. ದೊಡ್ಡ ಆರ್ಕೆಸ್ಟ್ರಾದಲ್ಲಿ ಹದಿನೈದು ಪಿಟೀಲುಗಳ ನಡುವೆ ಒಬ್ಬ ಒಂದು ಸ್ವರ ತಪ್ಪಿದರೆ ಗೊತ್ತಾಗಲಿಕ್ಕಿಲ್ಲ. ಇಲ್ಲಿ ಸಾಮಾನ್ಯವಾಗಿ ಒಂದು ಭಾಗಕ್ಕೆ ಒಬ್ಬರೇ, ಬಚ್ಚಿಟ್ಟುಕೊಳ್ಳಲು ಜಾಗವಿಲ್ಲ.

ಇನ್ನೊಂದು ವಿಶೇಷ ಕೇಳಿ. ಇವರಿಗೆ ಕಲಾ ನಿರ್ದೇಶಕ ಅಂತ ಒಬ್ಬರಿಲ್ಲ. ಯಾವ ಕೃತಿ ನುಡಿಸಬೇಕು, ಯಾವ ಕಂಡಕ್ಟರನ್ನು ಕರೆಯಬೇಕು, ದುಡ್ಡನ್ನು ಯಾವುದಕ್ಕೆ ಖರ್ಚು ಮಾಡಬೇಕು - ಎಲ್ಲವನ್ನೂ ವಾದಕರೇ ಕೂತು ತೀರ್ಮಾನಿಸುತ್ತಾರೆ. ಯುಗಾದಿ ಊಟಕ್ಕೆ ಹೋಳಿಗೆಯೋ ಪಾಯಸವೋ ಅಂತ ತೀರ್ಮಾನಿಸಲು ನಮ್ಮ ಸಂಘದ ಸಭೆಗೆ ಎಷ್ಟು ಹೊತ್ತು ಬೇಕೆಂದು ನಿಮಗೆ ಗೊತ್ತೇ ಇದೆ. ಇವರು ಹೀಗೆಯೇ ನಾಲ್ಕು ದಶಕ ದಾಟಿಸಿದ್ದಾರೆ!

ಅಷ್ಟು ಕಷ್ಟ ಯಾಕೆ? ಬೀಥೋವನ್ ಸಿಂಫನಿಯನ್ನು ಕೆಟ್ಟದಾಗಿ ನುಡಿಸಿದರೆ ನಾವು ವಾದಕರನ್ನು ಬಯ್ಯುತ್ತೇವೆ. ಹೊಸ ಕೃತಿಯನ್ನು ಕೆಟ್ಟದಾಗಿ ನುಡಿಸಿದರೆ ಕೃತಿಯನ್ನೇ ಬಯ್ಯುತ್ತೇವೆ, ಏಕೆಂದರೆ ಹೋಲಿಸಲು ನಮ್ಮ ಬಳಿ ಬೇರೇನೂ ಇಲ್ಲ. ಅದು ಮತ್ತೆ ವೇದಿಕೆ ಹತ್ತದೇ ಹೋಗಬಹುದು. ಹಾಗಾಗಿ ಮೊದಲ ಸಲ ನುಡಿಸುವವರ ಕೈಯಲ್ಲೇ ಅದರ ಹಣೆಬರಹ ಇರುತ್ತದೆ. ತಾವೇ ಬಯಸಿ ಆರಿಸಿಕೊಂಡವರು ಮಾತ್ರ ಅಷ್ಟು ಬೆವರು ಹರಿಸಬಲ್ಲರು.

ಫ್ರಾಂಕ್ ಝಾಪ್ಪಾ ಕಥೆ ನೋಡಿ. ಈ ಅಮೆರಿಕನ್ ರಾಕ್ ಸಂಗೀತಗಾರ ಸಿಂಕ್ಲಾವಿಯರ್ ಎಂಬ ಕಂಪ್ಯೂಟರ್ ವಾದ್ಯದಲ್ಲಿ ಸಂಗೀತ ರಚಿಸುತ್ತಿದ್ದ. 1986ರ ಆಲ್ಬಮ್ಮಿನಲ್ಲಿದ್ದ 'ಜಿ-ಸ್ಪಾಟ್ ಟೊರ್ನೇಡೊ' ಎಂಬ ಕೃತಿ ಎಷ್ಟು ಜಟಿಲವೆಂದರೆ, ಅದನ್ನು ಮನುಷ್ಯರು ನುಡಿಸಲಾರರು ಎಂದೇ ಅವನು ನಂಬಿದ್ದ. 1991ರಲ್ಲಿ ಆನ್ಸಾಂಬಲ್ ಮೋಡರ್ನ್ ವಾದಕರು ಲಾಸ್ ಏಂಜಲೀಸ್‌ಗೆ ಹೋಗಿ ಅವನೊಡನೆ ತಾಲೀಮು ನಡೆಸಿದರು. 1992ರ ಸೆಪ್ಟೆಂಬರಿನಲ್ಲಿ ನಮ್ಮ ಆಲ್ಟೆ ಓಪರ್‌ನಲ್ಲಿ, ಆಮೇಲೆ ಬರ್ಲಿನ್, ವಿಯೆನ್ನಾಗಳಲ್ಲಿ 'ದಿ ಯೆಲ್ಲೋ ಶಾರ್ಕ್' ಕಛೇರಿಗಳು ನಡೆದವು. ಆ ಕೃತಿಯನ್ನೂ ನುಡಿಸಿಯೇ ಬಿಟ್ಟರು! ಕ್ಯಾನ್ಸರಿನಿಂದ ನರಳುತ್ತಿದ್ದ ಝಾಪ್ಪಾಗೆ ಎಲ್ಲ ಕಛೇರಿಗಳಿಗೂ ಬರಲಾಗಲಿಲ್ಲ. 1993ರ ಡಿಸೆಂಬರಿನಲ್ಲಿ ತೀರಿಕೊಂಡ. ದಿನವಿಡೀ ಕಂಪ್ಯೂಟರಿಗೆ ಕೆಲಸ ಒಪ್ಪಿಸುವುದೇ ಕಸುಬಾಗಿರುವ ನನಗೆ, ಕಂಪ್ಯೂಟರಿನ ಕೆಲಸವನ್ನು ಮನುಷ್ಯರು ವಾಪಸ್ ಕಿತ್ತುಕೊಂಡ ಈ ಧ್ವನಿಮುದ್ರಣ ಕೇಳಿದಾಗಲೆಲ್ಲ ಒಳಗೊಳಗೇ ಖುಷಿ.

ಸ್ಟೀವ್ ರೈಶ್‌ನ 'ಸಿಟಿ ಲೈಫ್' ಇನ್ನೊಂದು ಬಗೆ. ಇವರೂ ಲಂಡನ್, ಪ್ಯಾರಿಸ್‌ಗಳ ಇಂಥವೇ ಎರಡು ತಂಡಗಳೂ ಜೊತೆಗೂಡಿ ಬರೆಸಿದ 1995ರ ಕೃತಿ. ನ್ಯೂಯಾರ್ಕಿನ ಕಾರ್ ಹಾರ್ನ್, ಬಸ್ಸಿನ ಬ್ರೇಕ್, ರಸ್ತೆ ವ್ಯಾಪಾರಿಯ ಕೂಗು ಎಲ್ಲವೂ ಕೀಬೋರ್ಡಿನಿಂದ ಬರುತ್ತವೆ. ಕೊಳಲು, ಪಿಟೀಲುಗಳು ಅವುಗಳ ಜೊತೆ ಸೇರುತ್ತವೆ. ಕೊನೆಯ ಭಾಗದಲ್ಲಿ ಕೇಳುವುದು 1993ರಲ್ಲಿ ವರ್ಲ್ಡ್ ಟ್ರೇಡ್ ಸೆಂಟರಿನಲ್ಲಿ ಬಾಂಬ್ ಸ್ಫೋಟವಾದ ದಿನ ಅಗ್ನಿಶಾಮಕ ದಳದವರು ವೈರ್‌ಲೆಸ್‌ನಲ್ಲಿ ಆಡಿದ ಮಾತುಗಳು. 2001ರ ನಂತರ ಅದನ್ನು ಕೇಳುವಾಗ ಮೈ ಜುಂ ಅನ್ನುತ್ತದೆ. ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಗದ್ದಲ ಕೇಳಿ ಬೆಳೆದ ನಮಗೆ ಈ ಕೃತಿ ಅರ್ಥವಾಗಲು ಯಾವ ಪಾಠವೂ ಬೇಕಿಲ್ಲ.

ಗೆಳೆಯನ ಪ್ರಶ್ನೆಗೆ ಬರೋಣ. ಮೈಸೂರು ವಾಸುದೇವಾಚಾರ್ಯರು ತೀರಿಕೊಂಡಿದ್ದು 1961ರಲ್ಲಿ. ಅವರ 'ಬ್ರೋಚೇವಾರೆವರುರಾ' ಇಂದು ನಮಗೆ ಅನಾದಿ ಕಾಲದ್ದು ಅನ್ನಿಸುತ್ತದೆ. ಆದರೆ ಅದಕ್ಕೂ ಒಂದು ಮೊದಲ ದಿನ ಇತ್ತಲ್ಲವೇ? ಯಾರೋ ಕಲಿತು ಹಾಡಿದರು, ಯಾರೋ ಕೂತು ಕೇಳಿದರು, ಅದಕ್ಕೇ ಅದು ನಮ್ಮವರೆಗೆ ಬಂತು. ಹೊಸದನ್ನು ಕೇಳುವವರೇ ಇಲ್ಲದಿದ್ದರೆ ಮುಂದಿನವರಿಗೆ ಹಳೆಯದು ಎಲ್ಲಿಂದ ಬರಬೇಕು? ನಮ್ಮ ರಾಜ್ಯೋತ್ಸವದ ಕಾರ್ಯಕ್ರಮಪಟ್ಟಿ ನೋಡುವಾಗಲೂ ಈ ಪ್ರಶ್ನೆ ನನ್ನನ್ನು ಕಾಡುತ್ತದೆ. ಅದರಲ್ಲಿ ಇಲ್ಲೇ ಕೂತು ಯಾರಾದರೂ ಹೊಸದಾಗಿ ಬರೆದ, ಹೊಸದಾಗಿ ರಾಗ ಹಾಕಿದ ಒಂದು ಹಾಡಿಗೆ ಹತ್ತು ನಿಮಿಷ ಕೊಡಬಾರದೇ?

ಆಸಕ್ತಿ ಇದ್ದವರಿಗೆ ಒಂದು ಸಲಹೆ. ಫ್ರಾಂಕ್‌ಫರ್ಟ್ ಒಪೇರಾ ಜೊತೆ ಸೇರಿ ಇವರು 1990ರ ದಶಕದಿಂದ ನಡೆಸಿಕೊಂಡು ಬಂದಿರುವ ಕಾರ್ಯಕ್ರಮ ಸರಣಿಯ ಹೆಸರು 'ಹ್ಯಾಪಿ ನ್ಯೂ ಇಯರ್ಸ್'. ಇಯರ್ಸ್ ಅಂದರೆ ಇಲ್ಲಿ ಕಿವಿಗಳು! ಕೃತಿಯ ಬಗ್ಗೆ ಮಾತು, ವಿವರಣೆ, ಜೊತೆಗೆ ವಾದನ. ನನ್ನಂಥ ಹೊಸಬರಿಗೆ ಹೇಳಿ ಮಾಡಿಸಿದ್ದು. ಮಾತು ಹೆಚ್ಚಾಗಿ ಜರ್ಮನ್‌ನಲ್ಲಿ, ಆದರೆ ನಮ್ಮ ಬಿ-ಒಂದು ಮಟ್ಟದ ಜರ್ಮನ್‌ಗೆ ಅದೂ ಅಭ್ಯಾಸವಾಯಿತು ಅಂದುಕೊಳ್ಳಿ. ಅಂದಹಾಗೆ, ನನ್ನ ಗೆಳೆಯ ಮುಂದಿನ ಸಲವೂ ಬರುತ್ತಾನಂತೆ. ಈ ಸಲ ಟಿಕೆಟ್ ದುಡ್ಡು ಅವನದೇ!