ಜಸ್ಟೀನಳಿಗಾಗಿ ಮರುಗುವವರಾರು?

ಖಳನು ಖಳನಾದುದು ಹೇಗೆಂದು ಹೇಳುವ ಭಯಾನಕ ಕಥೆಗಳಲ್ಲಿ ಮೇರಿ ಶೆಲ್ಲಿಯವರ ‘ಫ್ರಾಂಕೆನ್‌ಸ್ಟೈನ್’ (1818) ಇಂದಿಗೂ ಪ್ರಸಿದ್ಧ. ಸೃಷ್ಟಿಸಿದವನೇ ತೊರೆದ ದೈತ್ಯನನ್ನು ಕುರುಡ ವೃದ್ಧನೊಬ್ಬನು ಆದರಿಸುತ್ತಾನೆ. ಕಣ್ಣುಳ್ಳ ಮಗನು ಹೊಡೆಯುತ್ತಾನೆ. ಇಲ್ಲಿ ನಮ್ಮ ಮನ ಕರಗದಿರದು, ಕರಗಲೂಬೇಕು.

ಆದರೆ ಮುಂದೆ ಅವನು ಬಾಲಕ ವಿಲಿಯಂನ ಕತ್ತು ಹಿಸುಕಿ ಕೊಂದು, ಬಾಲಕನು ಧರಿಸಿದ್ದ ಚಿತ್ರಪದಕವನ್ನು ಮನೆಯ ಸೇವಕಿ ಜಸ್ಟೀನಳ ಉಡುಪಿನಲ್ಲಿ ಅವಳಿಗರಿಯದಂತೆ ಇರಿಸುತ್ತಾನೆ. ಕೊಲೆಗೆ ಕ್ರೋಧವೇ ಕಾರಣವೆನ್ನೋಣ, ಈ ಉಪಾಯಕ್ಕೆ? ಅದಕ್ಕೆ ತಣ್ಣನೆಯ ಬುದ್ಧಿ ಬೇಕು. ಅವನು ಪಟ್ಟ ಪಾಡಿಗೆ ನಮ್ಮ ಕಣ್ಣೀರು ಸಲ್ಲುತ್ತದೆ, ಮಾಡಿದ ಆಯ್ಕೆಗೆ ಸಲ್ಲದು.

ಪಾಪನಿವೇದನೆ ಕೇಳಿದ ಗುರುವಿನ ಬಹಿಷ್ಕಾರದ ಬೆದರಿಕೆಗೆ ಮಣಿದ ಜಸ್ಟೀನಳು, ಮಾಡದ ಕೊಲೆಯನ್ನು ಒಪ್ಪಿಕೊಂಡು ಮರಣದಂಡನೆಗೆ ಗುರಿಯಾಗುತ್ತಾಳೆ. (ಗುರುಗಳಾದ ನಮಗೆ ಈ ಪುಟವನ್ನು ದಾಟುವುದು ಕಷ್ಟ.) ಬಾಲ್ಯದಲ್ಲಿ ಹೆತ್ತ ತಾಯಿಯೇ ಅವಳನ್ನು ಸಹಿಸುತ್ತಿರಲಿಲ್ಲ. ಆದರೂ ಅವಳು ಯಾರಿಗೂ ಕೇಡೆಣಿಸಿದವಳಲ್ಲ.