ಕಿಟ್ ತಂದು ಎಲೆಕ್ಟ್ರಿಕ್ ಗಿಟಾರ್ ಜೋಡಿಸುವ ಮುನ್ನ: ಯಾವುದು ನಿಜ, ಯಾವುದು ಬರೀ ಫಾರ್ವರ್ಡ್?

ಬೆಂಕಿಗೂಡಿನ ಹಳೆಯ ಹಲಗೆ, ಮೋಟಾರ್‌ಸೈಕಲ್ಲಿನ ಸ್ಪ್ರಿಂಗ್, ಅಮ್ಮನ ಹೊಲಿಗೆ ಪೆಟ್ಟಿಗೆಯ ಗುಂಡಿಗಳು. ಇವನ್ನೆಲ್ಲ ಸೇರಿಸಿ ಒಬ್ಬ ಹುಡುಗ ಗಿಟಾರ್ ಮಾಡಿದ, ಮುಂದೆ ಅದನ್ನೇ ನುಡಿಸಿ ಜಗತ್ಪ್ರಸಿದ್ಧನಾದ ಎಂಬ ಸಂದೇಶ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಇಂಥ ಕಥೆ ಕಂಡೊಡನೆ ಅನುಮಾನಪಡುವುದು ಒಳ್ಳೆಯ ಅಭ್ಯಾಸವೇ. ಆದರೆ ಇದು ನಿಜ.

ಆ ಹುಡುಗ ಬ್ರಯಾನ್ ಮೇ, ಕ್ವೀನ್ ತಂಡದ ಗಿಟಾರ್ ವಾದಕ. 1963ರಲ್ಲಿ, ಹದಿನಾರರ ವಯಸ್ಸಿನಲ್ಲಿ, ಎಲೆಕ್ಟ್ರಾನಿಕ್ಸ್ ಬಲ್ಲ ತಂದೆ ಹೆರಾಲ್ಡ್ ಜೊತೆ ಸೇರಿ ಅವರು ಈ ಕೆಲಸ ಶುರುಮಾಡಿದರು. ಕೊಂಡುಕೊಳ್ಳುವಷ್ಟು ಹಣ ಇರಲಿಲ್ಲ, ಅಷ್ಟೇ ಕಾರಣ. 'ರೆಡ್ ಸ್ಪೆಷಲ್' ಎಂದು ಹೆಸರಾದ ಆ ಗಿಟಾರಿನ ಕುತ್ತಿಗೆ ಬೆಂಕಿಗೂಡಿನ ಮಹಾಗನಿ ಹಲಗೆಯಿಂದ ಬಂದದ್ದು. ಅದರಲ್ಲಿ ಹುಳು ಕೊರೆದ ತೂತುಗಳಿದ್ದವು, ಅವುಗಳಿಗೆ ಬೆಂಕಿಕಡ್ಡಿ ತುಂಬಿದರು. 1985ರ ಲೈವ್ ಏಡ್ ವೇದಿಕೆಯಲ್ಲೂ 2002ರಲ್ಲಿ ಬಕಿಂಗ್‌ಹ್ಯಾಮ್ ಅರಮನೆಯ ಛಾವಣಿಯ ಮೇಲೂ ನುಡಿದದ್ದು ಇದೇ ಗಿಟಾರ್. ಫಾರ್ವರ್ಡ್‌ಗಳು ಹೇಳದೆ ಬಿಡುವ ಭಾಗವೂ ಇದೆ: ಎಲ್ಲವೂ ಗುಜರಿಯಿಂದ ಬಂದದ್ದಲ್ಲ. ಮೇ ಮೊದಲು ತಾವೇ ಪಿಕಪ್ ಸುತ್ತಿದರು, ಆದರೆ ತಂತಿಯನ್ನು ಪಕ್ಕಕ್ಕೆ ಎಳೆದು ನುಡಿಸಿದಾಗ ಅದು ಸರಿಯಾಗಿ ಕೆಲಸ ಮಾಡಲಿಲ್ಲ. ಕೊನೆಗೆ ಬರ್ನ್ಸ್ ಕಂಪನಿಯ ಪಿಕಪ್‌ಗಳನ್ನು ಕೊಂಡು ಹಾಕಿದರು. ಇಷ್ಟಕ್ಕೂ ಕೆಲಸ ಮುಗಿಯಲು ಸುಮಾರು ಎರಡು ವರ್ಷ ಹಿಡಿಯಿತು.

ಇಂದು ಅಷ್ಟು ಕಾಯಬೇಕಿಲ್ಲ. ಕೊರೆದ ಮೈ, ಫ್ರೆಟ್ ಕೂರಿಸಿದ ಕುತ್ತಿಗೆ, ಪಿಕಪ್, ಬ್ರಿಡ್ಜ್, ಬಿರಟೆಗಳು ಎಲ್ಲ ಒಂದೇ ಡಬ್ಬದಲ್ಲಿ ಬರುವ ಕಿಟ್‌ಗಳು ಸಿಗುತ್ತವೆ. ಕುತ್ತಿಗೆಯನ್ನು ಸ್ಕ್ರೂ ಹಾಕಿ ಮೈಗೆ ಜೋಡಿಸುವ ಪದ್ಧತಿ 1950ರ ಹೊತ್ತಿಗೆ ಲಿಯೋ ಫೆಂಡರ್ ಅವರ ಕಾರ್ಖಾನೆಯಿಂದ ಜನಪ್ರಿಯವಾಯಿತು. ಕಿಟ್ ಎಂಬುದು ಸಾಧ್ಯವಾಗಿರುವುದೇ ಈ ವಿನ್ಯಾಸದಿಂದ. ಮೊದಲ ಬಾರಿ ಮಾಡುವವರು ಅಂಟಿಸುವ ಕುತ್ತಿಗೆಯ ಕಿಟ್ ಬಿಟ್ಟು ಸ್ಕ್ರೂ ಕುತ್ತಿಗೆಯದ್ದನ್ನೇ ಆರಿಸಿಕೊಳ್ಳುವುದು ಜಾಣತನ. ತಪ್ಪಾದರೆ ಬಿಚ್ಚಬಹುದಲ್ಲ!

ಒಂದು ಮಾತು ಮೊದಲೇ ಹೇಳಿಬಿಡೋಣ: ಹಣ ಉಳಿಸುವುದೇ ಉದ್ದೇಶವಾದರೆ ಕಿಟ್ ಬೇಡ. ಡ್ರಿಲ್, ಸೋಲ್ಡರಿಂಗ್ ಐರನ್, ಮರಳು ಕಾಗದ, ಬಣ್ಣ ಎಂದು ಲೆಕ್ಕ ಹಾಕುತ್ತಾ ಹೋದರೆ ಅಂಗಡಿಯ ಸಾಧಾರಣ ಗಿಟಾರ್ ಅಗ್ಗವಾಗಿ ಕಾಣುತ್ತದೆ. ವಾದ್ಯದೊಳಗೆ ಏನು ನಡೆಯುತ್ತದೆ ಎಂದು ತಿಳಿಯುವ ಆಸೆ ಇದ್ದವರಿಗೆ ಮಾತ್ರ ಇದು ಲಾಭದ ವ್ಯವಹಾರ.

ಮರ ದುಬಾರಿಯಾದರೆ ನಾದ ಚೆನ್ನಾಗಿರುತ್ತದೆಯೇ?

ಮರದ ಡಬ್ಬಿಯಂತಿರುವ ಸಾಮಾನ್ಯ ಗಿಟಾರಿನಲ್ಲಿ ತಂತಿಯ ಕಂಪನವನ್ನು ದೊಡ್ಡದು ಮಾಡಿ ಗಾಳಿಗೆ ತಲುಪಿಸುವುದೇ ಮರ. ಎಲೆಕ್ಟ್ರಿಕ್ ಗಿಟಾರಿನ ಕಥೆ ಬೇರೆ. ಅದರ ಪಿಕಪ್‌ನಲ್ಲಿ ಆಯಸ್ಕಾಂತ ಇರುತ್ತದೆ, ಅದರ ಸುತ್ತ ಕೂದಲಿನಷ್ಟು ತೆಳುವಾದ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿರುತ್ತಾರೆ. ಮೇಲೆ ಉಕ್ಕಿನ ತಂತಿ ಕಂಪಿಸಿದಾಗ ಕಾಂತಕ್ಷೇತ್ರ ಏರಿಳಿಯುತ್ತದೆ, ಸುರುಳಿಯಲ್ಲಿ ಸಣ್ಣ ವಿದ್ಯುತ್ ಹುಟ್ಟುತ್ತದೆ. ಮೈಕೆಲ್ ಫ್ಯಾರಡೆ 1831ರಲ್ಲಿ ಕಂಡುಕೊಂಡದ್ದು ಇದೇ ತತ್ವ, ಜಲವಿದ್ಯುತ್ ಕೇಂದ್ರದ ಜನರೇಟರ್ ನಡೆಯುವುದೂ ಇದರಿಂದಲೇ. ಇದೇ ಗಿಟಾರಿಗೆ ನೈಲಾನ್ ತಂತಿ ಹಾಕಿ ನೋಡಿ, ಆಂಪ್ಲಿಫೈಯರ್ ಮೌನವಾಗಿರುತ್ತದೆ.

ಅಂದರೆ ಪಿಕಪ್ 'ಕೇಳುವುದು' ಉಕ್ಕಿನ ತಂತಿಯನ್ನು. ಮರದ ಪಾತ್ರ ಏನೇನೂ ಇಲ್ಲ ಎನ್ನಲಾಗದು, ತಂತಿಯ ಎರಡು ತುದಿಗಳನ್ನು ಹಿಡಿದಿರುವುದು ಮರವೇ ತಾನೇ. ಆದರೆ ಪಿಕಪ್, ತಂತಿಯಿಂದ ಅದರ ಅಂತರ, ಆಂಪ್ ಮತ್ತು ಸ್ಪೀಕರ್ ತರುವ ವ್ಯತ್ಯಾಸದ ಮುಂದೆ ಅದು ಚಿಕ್ಕದು. ಇತಿಹಾಸ ನೋಡಿದರೂ ಅಷ್ಟೇ. 1930ರ ದಶಕದ ಆರಂಭದಲ್ಲಿ ಬಂದ, 'ಫ್ರೈಯಿಂಗ್ ಪ್ಯಾನ್' ಎಂದು ಅಡ್ಡಹೆಸರು ಪಡೆದ ಎಲೆಕ್ಟ್ರಿಕ್ ಗಿಟಾರ್ ಎರಕದ ಅಲ್ಯೂಮಿನಿಯಮ್ಮಿನದು. 1969ರಲ್ಲಿ ಆಂಪೆಗ್ ಕಂಪನಿ ಪಾರದರ್ಶಕ ಅಕ್ರಿಲಿಕ್ ಗಿಟಾರನ್ನೇ ಮಾರಿತು. ಲೆಸ್ ಪಾಲ್ 1940ರ ಸುಮಾರಿಗೆ ನಾಲ್ಕು ಇಂಚು ಚೌಕದ ಪೈನ್ ದಿಮ್ಮಿಗೆ ಪಿಕಪ್ ಹಾಕಿ ನುಡಿಸಿದರು, ನೋಡಲು ಗಿಟಾರಿನಂತೆ ಕಾಣಲಿ ಎಂದು ಆಮೇಲೆ ಅದರ ಪಕ್ಕಗಳಿಗೆ ಬೇರೊಂದು ಗಿಟಾರಿನ ರೆಕ್ಕೆ ಅಂಟಿಸಿದರು.

ಫಿಂಗರ್‌ಬೋರ್ಡಿಗೆ ಬಳಸುವ 'ಇಂಡಿಯನ್ ರೋಸ್‌ವುಡ್' ನಮಗೆ ಗೊತ್ತಿರುವ ಬೀಟೆ ಮರವೇ. ಊರಿನ ತೋಟದಲ್ಲಿ ಒಂದು ಬೀಟೆ ಇದೆಯಲ್ಲ ಎಂದು ಕೊಡಲಿ ಎತ್ತಬೇಡಿ: ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಅದನ್ನು ಕಡಿಯುವಂತಿಲ್ಲ. ಬೀಟೆಯ ಇಡೀ ಕುಲವೇ 2017ರಿಂದ ಅಂತಾರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದದ ನಿಯಂತ್ರಣ ಪಟ್ಟಿಯಲ್ಲಿದೆ. ಸಿದ್ಧ ಸಂಗೀತ ವಾದ್ಯಗಳಿಗೆ 2019ರಲ್ಲಿ ವಿನಾಯಿತಿ ಸಿಕ್ಕಿತು.

ಎಲ್ಲಕ್ಕಿಂತ ಮುಖ್ಯವಾದ ಅಳತೆ

ನಾದ ಹಾಳಾಗುವುದು ಅಗ್ಗದ ಮರದಿಂದ ಎಂದು ದೂರುವವರು ಅನೇಕ ಸಲ ಬ್ರಿಡ್ಜನ್ನು ತಪ್ಪು ಜಾಗದಲ್ಲಿ ಕೂರಿಸಿರುತ್ತಾರೆ. ಇದನ್ನು ಸ್ವಲ್ಪ ಬಿಡಿಸಿ ನೋಡೋಣ.

ವೀಣೆ ಮಾಡುವವರು 24 ಮೆಟ್ಟಿಲುಗಳನ್ನು ಮೇಣದ ಮೇಲೆ, ಕಿವಿಯಿಂದ ಕೇಳುತ್ತಾ ಒಂದೊಂದಾಗಿ ಕೂರಿಸುತ್ತಾರೆ. ಗಿಟಾರಿನಲ್ಲಿ ಆ ಕೆಲಸವನ್ನು ಲೆಕ್ಕ ಮಾಡುತ್ತದೆ. ನಟ್‌ನಿಂದ ಬ್ರಿಡ್ಜ್‌ವರೆಗಿನ ಉದ್ದವನ್ನು 17.817ರಿಂದ ಭಾಗಿಸಿದರೆ ಮೊದಲ ಫ್ರೆಟ್‌ನ ದೂರ ಸಿಗುತ್ತದೆ. ಉಳಿದ ಉದ್ದವನ್ನು ಮತ್ತೆ ಅದೇ ಸಂಖ್ಯೆಯಿಂದ ಭಾಗಿಸಿದರೆ ಎರಡನೆಯದು. ಫೆಂಡರ್ ಮಾದರಿಯಲ್ಲಿ ಒಟ್ಟು ಉದ್ದ 648 ಮಿಲಿಮೀಟರ್. ಹಾಗಾಗಿ ಮೊದಲ ಫ್ರೆಟ್ 36.4 ಮಿಲಿಮೀಟರ್‌ನಲ್ಲಿ, ಮುಂದಿನದು ಅಲ್ಲಿಂದ 34.3 ಮಿಲಿಮೀಟರ್ ಆಚೆ. ಹೀಗೆ ಹನ್ನೆರಡು ಹೆಜ್ಜೆ ಇಟ್ಟಾಗ ಸರಿಯಾಗಿ ಅರ್ಧಕ್ಕೆ, ಅಂದರೆ 324 ಮಿಲಿಮೀಟರ್‌ಗೆ ಬಂದು ನಿಲ್ಲುತ್ತೇವೆ. ಅಲ್ಲಿ ಒತ್ತಿದರೆ ಮೇಲಿನ ಷಡ್ಜ.

ಕಿಟ್‌ನಲ್ಲಿ ಫ್ರೆಟ್‌ಗಳು ಕಾರ್ಖಾನೆಯಲ್ಲೇ ಕೂತಿರುತ್ತವೆ, ನಿಮ್ಮ ಪಾಲಿಗೆ ಉಳಿಯುವುದು ಬ್ರಿಡ್ಜ್. ನಟ್‌ನಿಂದ 12ನೇ ಫ್ರೆಟ್‌ಗೆ ಎಷ್ಟು ದೂರವೋ ಅಲ್ಲಿಂದ ಬ್ರಿಡ್ಜಿನ ಸ್ಯಾಡಲ್‌ಗೂ ಅಷ್ಟೇ ದೂರ ಇರಬೇಕು. ಅದು 5 ಮಿಲಿಮೀಟರ್ ಹಿಂದೆ ಸರಿದರೂ 12ನೇ ಫ್ರೆಟ್‌ನ ಸ್ವರ ಸುಮಾರು 13 ಸೆಂಟ್ ಕೆಳಗಿಳಿಯುತ್ತದೆ. ಪಕ್ಕಪಕ್ಕದ ಎರಡು ಫ್ರೆಟ್‌ಗಳ ನಡುವೆ ಇರುವುದು 100 ಸೆಂಟ್. ಪಳಗಿದ ಕಿವಿಗೆ ಈ ಅಪಸ್ವರ ಗೊತ್ತಾಗದೆ ಇರದು. ದಪ್ಪ ತಂತಿಗಳು ಬಿಗಿಯಾಗಿ ಬಾಗುವುದರಿಂದ, ಒತ್ತಿದಾಗ ಸ್ವರ ಕೊಂಚ ಏರುತ್ತದೆ. ಅದನ್ನು ಸರಿದೂಗಿಸಲು ಅವುಗಳ ಸ್ಯಾಡಲ್ ಇನ್ನೂ ಹಿಂದಕ್ಕೆ ಹೋಗಬೇಕು. ಆದ್ದರಿಂದ ಅತಿ ತೆಳು ತಂತಿಯ ಸ್ಯಾಡಲ್ಲನ್ನು ಹೆಚ್ಚುಕಡಿಮೆ ಪೂರ್ತಿ ಮುಂದಕ್ಕೆ ತಂದಿಟ್ಟು, ಆ ಸ್ಥಿತಿಯಲ್ಲಿ 648ಕ್ಕೆ ಹೊಂದಿಸಿ ಗುರುತು ಹಾಕಿ.

ತೂತು ಕೊರೆಯುವ ಮೊದಲು ಇನ್ನೊಂದು ಪರೀಕ್ಷೆ. ಎಲ್ಲವನ್ನೂ ಸುಮ್ಮನೆ ಕೂರಿಸಿ, ಎರಡೂ ಅಂಚಿನ ತಂತಿಗಳ ಜಾಗದಲ್ಲಿ ನಟ್‌ನಿಂದ ಬ್ರಿಡ್ಜಿಗೆ ದಾರ ಎಳೆಯಿರಿ. ಕುತ್ತಿಗೆಯ ಎರಡೂ ಅಂಚಿನಿಂದ ದಾರ ಸಮ ದೂರದಲ್ಲಿರಬೇಕು. ಬಣ್ಣ ಹಚ್ಚುವ ಕೆಲಸ ಇದೆಲ್ಲ ಸರಿಯಾದ ಮೇಲೆ. ಸ್ಕ್ರೂ ಹಾಕುವ ಮುನ್ನ ಅದಕ್ಕಿಂತ ತೆಳುವಾದ ಡ್ರಿಲ್ ಬಿಟ್‌ನಿಂದ ತೂತು ಮಾಡಿ, ಸ್ಕ್ರೂಗೆ ಮೇಣದಬತ್ತಿ ಉಜ್ಜಿ. ಇಲ್ಲವಾದರೆ ಗಟ್ಟಿ ಮೇಪಲ್ ಮರದಲ್ಲಿ ಸ್ಕ್ರೂ ತಲೆ ಮುರಿದು ಒಳಗೇ ಉಳಿಯುತ್ತದೆ.

ಧೂಳು, ಎಣ್ಣೆ ಮತ್ತು ಬೆಂಕಿ

ಮೈಯನ್ನು ಮರಳು ಕಾಗದದಿಂದ ಉಜ್ಜಿ ನಯ ಮಾಡುವುದು ನೋಡಲು ನಿರುಪದ್ರವಿ ಕೆಲಸ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಮರದ ಧೂಳನ್ನು ಮನುಷ್ಯರಿಗೆ ಕ್ಯಾನ್ಸರ್ ತರಬಲ್ಲ ವಸ್ತುಗಳ ಪಟ್ಟಿಯಲ್ಲಿ ಸೇರಿಸಿದೆ. ಗಾಬರಿ ಬೇಡ, ಆ ಅಪಾಯ ಕಂಡುಬಂದಿರುವುದು ವರ್ಷಗಟ್ಟಲೆ ಧೂಳು ಉಸಿರಾಡಿದ ಮರಗೆಲಸದವರಲ್ಲಿ, ಮುಖ್ಯವಾಗಿ ಮೂಗಿನ ಒಳಭಾಗದಲ್ಲಿ. ಒಂದು ಗಿಟಾರ್ ಉಜ್ಜಿದವರಿಗೆ ಅಷ್ಟು ಭಯವಿಲ್ಲ. ಬೀಟೆಯಂಥ ಮರದ ಧೂಳು ಕೆಲವರಿಗೆ ತುರಿಕೆ, ಉಬ್ಬಸ ತರುವುದು ಮಾತ್ರ ಒಂದೇ ದಿನದಲ್ಲಿ ಆಗಬಹುದು. ಕೋವಿಡ್ ಕಾಲದ ಎನ್95 ಮಾಸ್ಕ್ ಉಳಿದಿದ್ದರೆ ಈಗ ಹೊರತೆಗೆಯಿರಿ. ಕೆಲಸ ಅಂಗಳದಲ್ಲೋ ತಾರಸಿಯಲ್ಲೋ ನಡೆಯಲಿ.

ಬಣ್ಣದ ಬದಲು ಎಣ್ಣೆ ಹಚ್ಚುವುದು ಹೊಸಬರಿಗೆ ಸುಲಭ. ಇಲ್ಲೊಂದು ಅಪಾಯ ಅಡಗಿದೆ. ಚಟ್ನಿಪುಡಿಯ ಅಗಸೆಯಿಂದಲೇ ತೆಗೆಯುವ ಲಿನ್‌ಸೀಡ್ ಎಣ್ಣೆ ಒಣಗುವುದು ಆವಿಯಾಗಿ ಅಲ್ಲ, ಗಾಳಿಯ ಆಮ್ಲಜನಕದೊಡನೆ ಸೇರಿ. ಆಗ ಶಾಖ ಹುಟ್ಟುತ್ತದೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಶಾಖ ಹೊರಹೋಗದೆ, ಯಾರೂ ಕಡ್ಡಿ ಗೀರದಿದ್ದರೂ ಬೆಂಕಿ ಹತ್ತಬಹುದು. ಇದು ಫಾರ್ವರ್ಡ್ ಕಥೆಯಲ್ಲ. 1991ರ ಫೆಬ್ರುವರಿಯಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಒನ್ ಮೆರಿಡಿಯನ್ ಪ್ಲಾಜಾ ಎಂಬ ಬಹುಮಹಡಿ ಕಟ್ಟಡಕ್ಕೆ ಬೆಂಕಿ ಬಿದ್ದದ್ದು ಇಂಥ ಬಟ್ಟೆಗಳಿಂದ. ಅಂದು ಮೂವರು ಅಗ್ನಿಶಾಮಕ ಸಿಬ್ಬಂದಿ ಸತ್ತರು. ಬಟ್ಟೆಯನ್ನು ಹೊರಗೆ ಒಂದೇ ಪದರವಾಗಿ ಹರಡಿ ಒಣಗಿಸಿ, ಇಲ್ಲವೇ ನೀರು ತುಂಬಿದ ಮುಚ್ಚಳದ ತಗಡಿನ ಡಬ್ಬದಲ್ಲಿ ಮುಳುಗಿಸಿಡಿ.

ಸೋಲ್ಡರಿಂಗ್ ಬಗ್ಗೆ ಎರಡೇ ಮಾತು. ಏಳುವ ಹೊಗೆಯಲ್ಲಿ ಸೀಸ ಇದೆ ಎಂಬುದು ತಪ್ಪು ತಿಳಿವಳಿಕೆ. ಸೀಸ ಕುದಿಯಲು 1,700 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಶಾಖ ಬೇಕು, ನಮ್ಮ ಐರನ್ನಿನ ತುದಿ ಇರುವುದು 350ರ ಆಸುಪಾಸಿನಲ್ಲಿ. ಹೊಗೆ ಫ್ಲಕ್ಸ್‌ನದು, ಅದೂ ಉಬ್ಬಸ ಇರುವವರಿಗೆ ಒಳ್ಳೆಯದಲ್ಲ, ಕಿಟಕಿ ತೆರೆದಿರಲಿ. ಸೀಸ ದೇಹ ಸೇರುವುದು ಕೈಯಿಂದ ಬಾಯಿಗೆ. ಕೈ ತೊಳೆಯದೆ ಊಟಕ್ಕೆ ಕೂರಬೇಡಿ, ಮಕ್ಕಳನ್ನು ದೂರ ಇಡಿ.

ಎಲೆಕ್ಟ್ರಿಕ್ ಗಿಟಾರ್ ಶಾಕ್ ಹೊಡೆಯುತ್ತದೆಯೇ?

ನೀವು ಜೋಡಿಸಿದ ಗಿಟಾರಿನೊಳಗೆ ಶಾಕ್ ಕೊಡುವಂಥದ್ದು ಏನೂ ಇಲ್ಲ. ಪಿಕಪ್ ಹುಟ್ಟಿಸುವ ವೋಲ್ಟೇಜ್ ಸಾಮಾನ್ಯವಾಗಿ ಒಂದು ವೋಲ್ಟ್‌ಗೂ ಕಡಿಮೆ, ಟಾರ್ಚಿನ ಸೆಲ್‌ಗಿಂತ ಕಡಿಮೆ. ಹಾಗೆಂದು ಅಜ್ಜಿಯ ಭಯವನ್ನು ನಗಾಡಿ ತಳ್ಳಿಹಾಕುವಂತಿಲ್ಲ.

ಗೊಂಯ್‌ಗುಡುವ ಶಬ್ದ ತಗ್ಗಲಿ ಎಂದು ಬ್ರಿಡ್ಜಿಗೆ ಒಂದು ಗ್ರೌಂಡ್ ತಂತಿ ಬೆಸೆದಿರುತ್ತೇವೆ. ಅದು ಕೇಬಲ್ ಮೂಲಕ ಆಂಪ್‌ನ ಲೋಹದ ಚೌಕಟ್ಟಿಗೆ, ಅಲ್ಲಿಂದ ಮೂರು ಪಿನ್ ಪ್ಲಗ್‌ನ ಅರ್ಥ್ ಪಿನ್‌ಗೆ ಹೋಗುತ್ತದೆ. ಅಂದರೆ ನಿಮ್ಮ ಬೆರಳ ಕೆಳಗಿನ ತಂತಿಗೂ ಗೋಡೆಯ ಸಾಕೆಟ್‌ಗೂ ನೇರ ಸಂಬಂಧವಿದೆ. ಮನೆಯ ಅರ್ಥಿಂಗ್ ಸರಿ ಇದ್ದರೆ ಆಂಪ್‌ನಲ್ಲಿ ದೋಷ ಬಂದಾಗ ವಿದ್ಯುತ್ ಭೂಮಿಗೆ ಹರಿದು ಫ್ಯೂಸೋ ಎಂಸಿಬಿಯೋ ಬೀಳುತ್ತದೆ. ಅರ್ಥಿಂಗ್ ಇಲ್ಲದಿದ್ದರೆ ಆರೂ ತಂತಿಗಳಲ್ಲಿ 230 ವೋಲ್ಟ್ ಬಂದು ಕೂರಬಹುದು. 1972ರಲ್ಲಿ ಸ್ಟೋನ್ ದ ಕ್ರೋಸ್ ತಂಡದ ಲೆಸ್ ಹಾರ್ವೆ ಸ್ವಾನ್ಸಿಯ ವೇದಿಕೆಯಲ್ಲಿ, ಗಿಟಾರ್ ಹಿಡಿದು ಅರ್ಥ್ ಇಲ್ಲದ ಮೈಕ್ ಮುಟ್ಟಿ ಸತ್ತರು. ಯಾರ್ಡ್‌ಬರ್ಡ್ಸ್ ತಂಡದ ಗಾಯಕ ಕೀತ್ ರೆಲ್ಫ್ 1976ರಲ್ಲಿ ಮನೆಯಲ್ಲೇ ಗಿಟಾರ್ ನುಡಿಸುವಾಗ ವಿದ್ಯುದಾಘಾತಕ್ಕೆ ಬಲಿಯಾದರು.

ಆದ್ದರಿಂದ 'ಗೊಂಯ್ ಶಬ್ದ ನಿಲ್ಲಲು ಪ್ಲಗ್‌ನ ಅರ್ಥ್ ಪಿನ್ ತೆಗೆದುಬಿಡಿ' ಎಂಬ ಸಲಹೆ ಬಂದರೆ ಅದನ್ನು ಪಾಲಿಸುವುದು ಹಾಗಿರಲಿ, ಮುಂದಕ್ಕೂ ಕಳಿಸಬೇಡಿ. ಶಬ್ದ ತಗ್ಗುವುದು ನಿಜವಿರಬಹುದು, ಜೀವ ಕಾಯುವ ದಾರಿಯೂ ಅದರೊಂದಿಗೆ ಕಡಿದುಹೋಗುತ್ತದೆ. ಮೂರು ಪಿನ್ನನ್ನು ಎರಡು ಪಿನ್ ಮಾಡುವ ಅಡಾಪ್ಟರ್‌ನದೂ ಇದೇ ಕಥೆ. ಗಿಟಾರನ್ನು ಲ್ಯಾಪ್‌ಟಾಪ್‌ಗೆ ಜೋಡಿಸಿದಾಗ ಬೆರಳು ಜುಮ್ಮೆನ್ನುತ್ತಿದ್ದರೆ, ಚಾರ್ಜರ್‌ಗೆ ಅರ್ಥ್ ಸಿಗುತ್ತಿಲ್ಲ ಎಂಬ ಸೂಚನೆ ಇರಬಹುದು. ಎಲೆಕ್ಟ್ರಿಷಿಯನ್ ಕರೆಸಿ ಸಾಕೆಟ್ ಪರೀಕ್ಷಿಸಿ, 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಇಲ್ಲದಿದ್ದರೆ ಹಾಕಿಸಿಕೊಳ್ಳಿ. ಗಿಟಾರ್ ಯಶಸ್ವಿಯಾಯಿತೆಂಬ ಉತ್ಸಾಹದಲ್ಲಿ ವಾಲ್ವ್ ಆಂಪ್ ಬಿಚ್ಚಲು ಹೋಗಬೇಡಿ. ಅದರ ಕೆಪಾಸಿಟರ್‌ಗಳಲ್ಲಿ ಪ್ಲಗ್ ಕಿತ್ತ ಮೇಲೂ ನೂರಾರು ವೋಲ್ಟ್ ಉಳಿದಿರಬಹುದು.

ಗೊಂಯ್ ಶಬ್ದಕ್ಕೆ ಸರಿಯಾದ ಪರೀಕ್ಷೆ ಬಲು ಸರಳ. ತಂತಿ ಮುಟ್ಟಿದಾಗ ಶಬ್ದ ತಗ್ಗಿದರೆ ಬ್ರಿಡ್ಜಿನ ಗ್ರೌಂಡ್ ಸರಿ ಇದೆ. ಏನೂ ಬದಲಾಗದೆ, ಕೇಬಲ್ ಪ್ಲಗ್‌ನ ಲೋಹ ಮುಟ್ಟಿದಾಗ ಮಾತ್ರ ತಗ್ಗಿದರೆ ಆ ತಂತಿಯ ಬೆಸುಗೆ ಬಿಟ್ಟಿದೆ. ಮುಟ್ಟಿದಾಗ ಶಬ್ದ ಹೆಚ್ಚಾದರೆ ಜ್ಯಾಕ್‌ನ ಎರಡು ತಂತಿಗಳು ಅದಲುಬದಲಾಗಿರುವ ಸಾಧ್ಯತೆಯೇ ಹೆಚ್ಚು. ಉಳಿದ ಚೂರು ಗುಂಯ್‌ಗಾಟ ನಮ್ಮ 50 ಹರ್ಟ್ಸ್ ವಿದ್ಯುತ್ತಿನದು. ಒಂದೇ ಸುರುಳಿಯ ಪಿಕಪ್‌ನಲ್ಲಿ ಅದು ಇದ್ದೇ ಇರುತ್ತದೆ. 1950ರ ದಶಕದಲ್ಲಿ ಗಿಬ್ಸನ್ ಕಂಪನಿಯ ಸೆತ್ ಲವರ್ ಎರಡು ಸುರುಳಿಗಳನ್ನು ಪರಸ್ಪರ ವಿರುದ್ಧವಾಗಿ ಜೋಡಿಸಿ 'ಹಂಬಕರ್' ಮಾಡಿದ್ದು ಈ ಕಾಟ ತಪ್ಪಿಸಲೆಂದೇ.

ತಂತಿ ಕಟ್ಟಿದ ಮೇಲೆ

ಆರು ತಂತಿಗಳನ್ನು ಶ್ರುತಿಗೆ ಏರಿಸಿದಾಗ ಕುತ್ತಿಗೆಯ ಮೇಲೆ ಸುಮಾರು 40 ಕಿಲೋ ಎಳೆತ ಬೀಳುತ್ತದೆ. ಅದನ್ನು ತಡೆಯಲು ಒಳಗೆ ಟ್ರಸ್ ರಾಡ್ ಎಂಬ ಉಕ್ಕಿನ ಸಲಾಕೆ ಇದೆ. ಮೊದಲ ದಿನವೇ ಅದನ್ನು ತಿರುಗಿಸಲು ಹೋಗದೆ, ಶ್ರುತಿ ಮಾಡಿ ಒಂದೆರಡು ದಿನ ಬಿಡಿ. ಆಮೇಲೆ ಅತಿ ದಪ್ಪ ತಂತಿಯನ್ನು ಮೊದಲ ಮತ್ತು ಕೊನೆಯ ಫ್ರೆಟ್‌ನಲ್ಲಿ ಒತ್ತಿಹಿಡಿದರೆ ನಡುವೆ ಸುಮಾರು 0.2 ಮಿಲಿಮೀಟರ್ ಸಂದು ಕಾಣಬೇಕು. 12ನೇ ಫ್ರೆಟ್‌ನಲ್ಲಿ, ಒತ್ತದಿದ್ದಾಗ, ತಂತಿಯ ಎತ್ತರ 1.5ರಿಂದ 2 ಮಿಲಿಮೀಟರ್ ಇದ್ದರೆ ಬೆರಳಿಗೆ ಹಿತ. ಫೋನಿನ ಟ್ಯೂನರ್ ಆ್ಯಪ್ 440 ಹರ್ಟ್ಸ್‌ನಲ್ಲೇ ಇರಲಿ. 432 ಹರ್ಟ್ಸ್ ರೋಗ ವಾಸಿ ಮಾಡುತ್ತದೆಂಬ ಫಾರ್ವರ್ಡ್‌ಗೆ ಇನ್ನೊಂದು ಲೇಖನವೇ ಬೇಕಾದೀತು. 12ನೇ ಫ್ರೆಟ್ ಒತ್ತಿದಾಗ ಸ್ವರ ಏರಿದಂತೆ ತೋರಿದರೆ ಸ್ಯಾಡಲ್ ಹಿಂದಕ್ಕೆ, ಇಳಿದರೆ ಮುಂದಕ್ಕೆ.

ಮಳೆಗಾಲದ ತೇವಕ್ಕೂ ಬೇಸಿಗೆಯ ಒಣಹವೆಗೂ ಮರ ಸ್ಪಂದಿಸುತ್ತಲೇ ಇರುತ್ತದೆ. ಜುಲೈನ ಮಲೆನಾಡಿನಲ್ಲಿ ಸರಿ ಮಾಡಿದ ಕುತ್ತಿಗೆ ಮಾರ್ಚ್ ತಿಂಗಳ ಕಲಬುರಗಿಯಲ್ಲಿ ಹಾಗೇ ಇರುವುದಿಲ್ಲ. ಆಗ ಟ್ರಸ್ ರಾಡನ್ನು ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸದೆ, ಮತ್ತೆ ಶ್ರುತಿ ಮಾಡಿ, ಮಾರನೆಯ ದಿನ ಅಳತೆ ನೋಡಿ.